ಒಂದು ಫಾರ್ದಿಂಗಿನ ತೀರ್ಪು

ವ್ಯಾಪಾರವೆಂದರೆ ದ್ರೋಹಚಿಂತನೆ ಎಂಬ ಮಾತು ನಮ್ಮಲ್ಲಿ ಬಹು ಹಳೆಯದು. ತಕ್ಕಡಿಯ ತಟ್ಟೆಯ ಅಡಿಗೆ ಹುಣಿಸೆಹಣ್ಣು ಅಂಟಿಸುವ ಅಂಗಡಿಯವನು, ಹಾಲಿಗೆ ನೀರು ಬೆರಸುವವನು, ಬಡ್ಡಿಗೆ ಬಡ್ಡಿ ಕಟ್ಟುವ ಸಾಹುಕಾರ, ಇವರ ಕಥೆಗಳನ್ನು ನೀವೆಲ್ಲರೂ ಕೇಳಿ ಬಲ್ಲಿರಿ. ಇಂಥವರ ವಿಷಯದಲ್ಲಿ ನ್ಯಾಯ ಹೇಳುವುದು ಕಷ್ಟವಲ್ಲ. ತಪ್ಪು ಎಲ್ಲಿದೆಯೆಂಬುದು ಹತ್ತು ವರ್ಷದ ಹುಡುಗನಿಗೂ ಕಾಣುತ್ತದೆ. ಆದರೆ ತೂಕದಲ್ಲಿ ಮೋಸ ಮಾಡದವನು, ಕೆಲಸದವರ ಕಷ್ಟಸುಖ ವಿಚಾರಿಸುವವನು, ಗಳಿಸಿದುದರಲ್ಲಿ ದೊಡ್ಡ ಪಾಲನ್ನು ಲೋಕಹಿತಕ್ಕೆಂದು ಕೊಡುವವನು, ಇಂಥ ವರ್ತಕನೊಬ್ಬನ ಮೇಜಿನ ಮೇಲೆ ಒಂದು ದಿನ ಒಂದು ಕಾಗದ ಬಂದು ಬೀಳುತ್ತದೆಂದು ಭಾವಿಸಿರಿ. ನೀನು ವರ್ಷ ವರ್ಷವೂ ಕೊಳ್ಳುತ್ತಿರುವ ಸರಕನ್ನು ಬೆಳೆಯುವವರು ಗುಲಾಮರು ಎಂದು ಆ ಕಾಗದ ಸೂಚಿಸುತ್ತದೆ. ಅವನು ಏನು ಮಾಡಬೇಕು? ಅದಕ್ಕಿಂತ ಮುಖ್ಯವಾಗಿ, ಎಷ್ಟು ದಿನದೊಳಗೆ ಮಾಡಬೇಕು?

ಇದು ಕಲ್ಪನೆಯ ಪ್ರಶ್ನೆಯಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದ ಕ್ಯಾಡ್ಬರಿ ಮನೆತನದವರಿಗೆ 1901ರಲ್ಲಿ ಈ ಪ್ರಶ್ನೆ ಎದುರಾಯಿತು. ಉತ್ತರ ಹೇಳಲು ಅವರಿಗೆ ಎಂಟು ವರ್ಷ ಹಿಡಿಯಿತು. ಆ ಎಂಟು ವರ್ಷಗಳ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಕ್ಯಾಡ್ಬರಿ ಎಂಬ ಹೆಸರು ನಿಮಗೆ ಹೊಸದಲ್ಲ; ನಿಮ್ಮ ಮನೆಯ ಮಕ್ಕಳಿಗಂತೂ ಬಾಯಿಪಾಠ.

ಮೊದಲು ಈ ಮನೆತನದ ವಿಚಾರ. ಜಾನ್ ಕ್ಯಾಡ್ಬರಿ 1824ರಲ್ಲಿ ಬರ್ಮಿಂಗ್‌ಹ್ಯಾಮಿನ ಬುಲ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಒಂದು ಅಂಗಡಿ ತೆರೆದ. ಚಹ, ಕಾಫಿ, ಕೋಕೋಪುಡಿ ಮಾರುತ್ತಿದ್ದ. ಅವನು ಕ್ವೇಕರ್ ಪಂಥದವನು. ಕ್ವೇಕರರು ಕ್ರೈಸ್ತರಲ್ಲೇ ಒಂದು ಸಣ್ಣ ಗುಂಪು. ಪ್ರತಿಯೊಬ್ಬ ಮನುಷ್ಯನಲ್ಲಿಯೂ ದೇವರ ಬೆಳಕಿನ ಕಿಡಿಯೊಂದಿದೆ ಎಂಬುದು ಅವರ ನಂಬಿಕೆ. ಅವರು ಆಣೆಯಿಡುವುದಿಲ್ಲ, ಯುದ್ಧಕ್ಕೆ ಹೋಗುವುದಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿದ್ಯಾಪೀಠಗಳ ಬಾಗಿಲು ಮತಭೇದದ ಕಾರಣದಿಂದ 1871ರ ವರೆಗೆ ಅವರಿಗೆ ಪೂರ್ತಿಯಾಗಿ ತೆರೆದಿರಲಿಲ್ಲ. ಹೀಗಾಗಿ ಬುದ್ಧಿವಂತರಾದ ಕ್ವೇಕರ್ ಯುವಕರಿಗೆ ಉಳಿದ ದಾರಿ ವ್ಯಾಪಾರ. ಒಂದೇ ಬೆಲೆ ಹೇಳಿ ಚೌಕಾಶಿಯಿಲ್ಲದೆ ಮಾರುವುದು ಅವರ ಪದ್ಧತಿ. ಜನರ ನಂಬಿಕೆಯೇ ಅವರ ಬಂಡವಾಳವಾಯಿತು. ಇಂಗ್ಲೆಂಡಿನ ಮೂರು ದೊಡ್ಡ ಕೋಕೋ ಮನೆತನಗಳೂ, ಎಂದರೆ ಬ್ರಿಸ್ಟಲಿನ ಫ್ರೈ, ಯಾರ್ಕಿನ ರೌಂಟ್ರಿ, ಬರ್ಮಿಂಗ್‌ಹ್ಯಾಮಿನ ಕ್ಯಾಡ್ಬರಿ, ಕ್ವೇಕರರವೇ. ಮದ್ಯಪಾನದಿಂದ ಬಡಜನ ಹಾಳಾಗುತ್ತಿದ್ದ ಕಾಲ ಅದು. ಸಾರಾಯಿಯ ಬದಲು ಒಂದು ಬಟ್ಟಲು ಬಿಸಿ ಕೋಕೋ ಕುಡಿಯಲಿ ಎಂಬ ಸದುದ್ದೇಶವೂ ಈ ವ್ಯಾಪಾರದ ಹಿಂದೆ ಇತ್ತು.

ಜಾನನ ಮಕ್ಕಳಾದ ರಿಚರ್ಡ್ ಮತ್ತು ಜಾರ್ಜ್ 1861ರಲ್ಲಿ ವ್ಯಾಪಾರವನ್ನು ಕೈಗೆತ್ತಿಕೊಂಡಾಗ ಅದು ಮುಳುಗುವ ಸ್ಥಿತಿಯಲ್ಲಿತ್ತು. ಅಣ್ಣತಮ್ಮಂದಿರು ತಾಯಿಯಿಂದ ಬಂದ ಹಣವನ್ನು ಸುರಿದು ಅದನ್ನು ಎತ್ತಿ ನಿಲ್ಲಿಸಿದರು. 1879ರಲ್ಲಿ ಹೊಗೆ ಕವಿದ ನಗರವನ್ನು ಬಿಟ್ಟು ನಾಲ್ಕು ಮೈಲಿ ದೂರದ ಹೊಲಗಳ ನಡುವೆ ಹೊಸ ಕಾರ್ಖಾನೆ ಕಟ್ಟಿದರು. ಆ ಜಾಗಕ್ಕೆ ಬೋರ್ನ್‌ವಿಲ್ ಎಂದು ಹೆಸರಿಟ್ಟರು. ಕೆಲಸಗಾರರಿಗೆ ಆಟದ ಬಯಲು, ಊಟದ ಮನೆ, ಶನಿವಾರ ಅರ್ಧ ದಿನ ರಜೆ, ಮುಂದೆ 1906ರಲ್ಲಿ ಪಿಂಚಣಿ ನಿಧಿ, ಎಲ್ಲವೂ ಬಂದವು. ಜಾರ್ಜ್ ಕ್ಯಾಡ್ಬರಿ 1895ರಿಂದ ಕಾರ್ಖಾನೆಯ ಪಕ್ಕದಲ್ಲಿ ಒಂದು ಊರನ್ನೇ ಕಟ್ಟಿಸಿದ. ಮನೆಮನೆಗೂ ಕೈತೋಟ, ಹಿತ್ತಿಲಲ್ಲಿ ಹಣ್ಣಿನ ಮರ. ಹೆಂಡದಂಗಡಿಗೆ ಮಾತ್ರ ಅವಕಾಶವಿಲ್ಲ. ಆ ಮನೆಗಳನ್ನು ತನ್ನ ಕೆಲಸಗಾರರಿಗೆ ಮಾತ್ರ ಮೀಸಲಿಡದೆ ಹೊರಗಿನ ದುಡಿಮೆಗಾರರಿಗೂ ಕೊಡಿಸಿದನು. 1900ರಲ್ಲಿ ಇಡೀ ಊರನ್ನು ಒಂದು ಧರ್ಮದರ್ಶಿ ಮಂಡಲಿಗೆ ಒಪ್ಪಿಸಿ ತಾನು ಹಕ್ಕು ಬಿಟ್ಟುಕೊಟ್ಟ. ಬೇರೆ ದೇಶಗಳಿಂದ ಜನ ಬಂದು ಈ ಊರನ್ನು ನೋಡಿ ಹೋಗುತ್ತಿದ್ದರು. ಇದರಲ್ಲಿ ಬೂಟಾಟಿಕೆ ಇತ್ತೆಂದು ನನಗೆ ತೋರುವುದಿಲ್ಲ. ಆ ಮನುಷ್ಯ ನಂಬಿದ್ದನ್ನೇ ಮಾಡಿದ.

ಇನ್ನು ಕೋಕೋ ಬರುತ್ತಿದ್ದ ಜಾಗವನ್ನು ನೋಡೋಣ.

ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ, ಗಿನಿ ಕೊಲ್ಲಿಯಲ್ಲಿ, ಸಾವೊ ತೋಮೆ ಮತ್ತು ಪ್ರಿನ್ಸಿಪೆ ಎಂಬ ಎರಡು ದ್ವೀಪಗಳಿವೆ. ಎರಡೂ ಸೇರಿ ಸುಮಾರು 1000 ಚದರ ಕಿಲೋಮೀಟರು. ನಮ್ಮ ಒಂದು ತಾಲ್ಲೂಕಿನಷ್ಟು. ಆಗ ಅವು ಪೋರ್ತುಗೀಸರ ವಶದಲ್ಲಿದ್ದುವು. ಜ್ವಾಲಾಮುಖಿಯಿಂದಾದ ಫಲವತ್ತಾದ ಮಣ್ಣು, ಧಾರಾಳವಾದ ಮಳೆ. ಕೋಕೋ ಗಿಡಕ್ಕೆ ಹೇಳಿ ಮಾಡಿಸಿದ ನೆಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಗತ್ತಿಗೆ ಕೋಕೋ ಕಳಿಸುವುದರಲ್ಲಿ ಈ ಚಿಕ್ಕ ದ್ವೀಪಗಳು ಮುಂಚೂಣಿಯಲ್ಲಿದ್ದುವು. ಬೋರ್ನ್‌ವಿಲ್ಲಿಗೆ ಬರುತ್ತಿದ್ದ ಕೋಕೋದಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲು ಅಲ್ಲಿಯದೇ.

ಆದರೆ ತೋಟಗಳಲ್ಲಿ ದುಡಿಯುವವರು ಯಾರು? ಪೋರ್ತುಗಲ್ ದೇಶ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು 1870ರ ದಶಕದಲ್ಲಿಯೇ ಕಾಯಿದೆಯ ಮೂಲಕ ರದ್ದು ಮಾಡಿತ್ತು. ಕಾಗದದ ಮೇಲೆ ಅಲ್ಲಿ ಗುಲಾಮರೇ ಇರಲಿಲ್ಲ. ಇದ್ದವರು 'ಸೆರ್ವಿಸಾಲ್'ಗಳು, ಎಂದರೆ ಕರಾರಿನ ಕೂಲಿಗಳು. ಈ ಕರಾರು ಆಗುತ್ತಿದ್ದ ರೀತಿಯನ್ನು ಕೇಳಿರಿ. ಆಫ್ರಿಕದ ಅಂಗೋಲ ನಾಡಿನ ಒಳಭಾಗದಲ್ಲಿ ಬಟ್ಟೆ, ರಮ್ ಸಾರಾಯಿ, ಬಂದೂಕುಗಳನ್ನು ಕೊಟ್ಟು ದಲ್ಲಾಳಿಗಳು ಮನುಷ್ಯರನ್ನು ಕೊಳ್ಳುತ್ತಿದ್ದರು. ಸಾಲಕ್ಕೆ ಸಿಕ್ಕಿದವರು, ಕಾದಾಟದಲ್ಲಿ ಸೆರೆಯಾದವರು, ಮೋಸದಿಂದ ಹಿಡಿದವರು, ಎಲ್ಲರೂ ಅದರಲ್ಲಿ ಸೇರಿದ್ದರು. ಅವರನ್ನು ನೂರಾರು ಮೈಲಿ ಕರಾವಳಿಗೆ ನಡೆಸಿ ತರುತ್ತಿದ್ದರು. ಅಲ್ಲಿ ಒಬ್ಬ ಸರ್ಕಾರಿ ಅಧಿಕಾರಿಯ ಮುಂದೆ ನಿಲ್ಲಿಸಿ, ಐದು ವರ್ಷ ದುಡಿಯಲು ಒಪ್ಪಿಗೆಯೇ ಎಂದು ಕೇಳುವ ಶಾಸ್ತ್ರ ನಡೆಯುತ್ತಿತ್ತು. ಅವರು ಏನೆಂದರೂ, ಏನೂ ಅನ್ನದಿದ್ದರೂ, ಒಪ್ಪಿಗೆಯೆಂದೇ ಬರೆಯಲಾಗುತ್ತಿತ್ತು. ಕೊರಳಿಗೆ ನಂಬರಿನ ತಗಡಿನ ಬಿಲ್ಲೆಯನ್ನೂ ಕರಾರುಪತ್ರವಿಟ್ಟ ಕೊಳವೆಯನ್ನೂ ಕಟ್ಟಿ ಹಡಗು ಹತ್ತಿಸುತ್ತಿದ್ದರು. ಐದು ವರ್ಷವಾದ ಮೇಲೆ ಕರಾರು ತಾನಾಗಿಯೇ ಮತ್ತೆ ಐದು ವರ್ಷಕ್ಕೆ ಮುಂದುವರಿಯುತ್ತಿತ್ತು. ಅಂಗೋಲದಿಂದ ದ್ವೀಪಕ್ಕೆ ಹೋದವರು ಹಿಂದಿರುಗಿ ಬಂದದ್ದನ್ನು ಅವರ ಊರಿನವರು ಕಂಡಿರಲಿಲ್ಲ.

1901ರಲ್ಲಿ ಕ್ಯಾಡ್ಬರಿ ಸಂಸ್ಥೆಯ ನಿರ್ದೇಶಕರಲ್ಲೊಬ್ಬನಾಗಿದ್ದವನು ರಿಚರ್ಡನ ಮಗ ವಿಲಿಯಂ. ಕೋಕೋ ಖರೀದಿಯ ಹೊಣೆ ಅವನದು. ಮೂವತ್ತನ್ನು ದಾಟಿದ ವಯಸ್ಸು. ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪಕ್ಕೆ ಹೋಗಿದ್ದಾಗ, ಸಾವೊ ತೋಮೆಯ ತೋಟಗಳಲ್ಲಿ ಗುಲಾಮರಿದ್ದಾರೆಂಬ ಸುದ್ದಿ ಅವನ ಕಿವಿಗೆ ಬಿದ್ದಿತು. ಸುದ್ದಿಯೇನೋ ಸುದ್ದಿ, ನೂರು ಬರುತ್ತವೆ. ಆದರೆ ಅದೇ ವರ್ಷ ಸಾವೊ ತೋಮೆಯ ಒಂದು ತೋಟ ಮಾರಾಟಕ್ಕಿದೆಯೆಂಬ ಪಟ್ಟಿ ಕಂಪನಿಗೆ ಬಂದಿತು. ತೋಟದ ಆಸ್ತಿಯ ಸಾಲಿನಲ್ಲಿ ಕಟ್ಟಡ, ದನ ಮುಂತಾದವುಗಳ ಜೊತೆಗೆ ಇನ್ನೊಂದು ಬಾಬು ಇತ್ತು: 200 ಮಂದಿ ಕರಿಯ ಕೂಲಿಗಳು, ಬೆಲೆ 3,555 ಪೌಂಡು. ಅಂದಿನ ವಿನಿಮಯದಲ್ಲಿ ಪೌಂಡಿಗೆ 15 ರೂಪಾಯಿ. ತಲೆಗೆ ಸುಮಾರು 266 ರೂಪಾಯಿ ಎಂದು ಲೆಕ್ಕ ಬರುತ್ತದೆ.

ಕೂಲಿಯಾಳಿಗೆ ಸಂಬಳವಿರುತ್ತದೆಯೇ ಹೊರತು ಬೆಲೆಯಿರುವುದಿಲ್ಲ. ಇದನ್ನು ತಿಳಿಯಲು ಆಫ್ರಿಕಕ್ಕೆ ಹೋಗಬೇಕಾಗಿರಲಿಲ್ಲ. ಪಟ್ಟಿ ಓದಿದರೆ ಸಾಕಾಗಿತ್ತು. ವಿಲಿಯಮನಿಗೆ ಅದು ತಿಳಿಯದೆ ಇರಲಿಲ್ಲ. ಆ ಮನೆತನದವರಿಗೆ ಗುಲಾಮಗಿರಿಯ ವಿರೋಧ ಅಜ್ಜನ ಕಾಲದಿಂದ ಬಂದ ವ್ರತ. ವಿಷಯವನ್ನು ಕೂಡಲೆ ನಿರ್ದೇಶಕರ ಸಭೆಯ ಮುಂದಿಡಲಾಯಿತು. ವಿಚಾರಣೆ ನಡೆಸಬೇಕೆಂದು ತೀರ್ಮಾನವಾಯಿತು.

ಖರೀದಿಯನ್ನು ನಿಲ್ಲಿಸಬೇಕೆಂದು ತೀರ್ಮಾನವಾಗಲಿಲ್ಲ.

ಮುಂದಿನ ಏಳೆಂಟು ವರ್ಷಗಳಲ್ಲಿ ನಡೆದುದನ್ನು ದುಷ್ಟರ ಕಥೆಯೆಂದು ಓದಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಪ್ರತಿಯೊಂದು ತಡಕ್ಕೂ ಒಂದು ಮರ್ಯಾದಸ್ಥ ಕಾರಣವಿತ್ತು. ಪ್ರತಿಯೊಂದು ಕಾರಣವನ್ನೂ ಒಬ್ಬ ಮರ್ಯಾದಸ್ಥ ಮನುಷ್ಯ ಹೇಳಿದ್ದ. 1903ರಲ್ಲಿ ವಿಲಿಯಂ ಪೋರ್ತುಗಲ್ಲಿನ ರಾಜಧಾನಿ ಲಿಸ್ಬನ್ನಿಗೆ ಹೋದ. ತೋಟದ ಒಡೆಯರು ಅಲ್ಲೇ ಇರುತ್ತಿದ್ದುದು. ಅದೇ ವರ್ಷದ ಜನವರಿಯಲ್ಲಿ ಹೊಸ ಕಾರ್ಮಿಕ ಕಾಯಿದೆ ಬಂದಿತ್ತು. ಕೂಲಿಯವರ ಸಂಬಳದಲ್ಲಿ ಒಂದು ಪಾಲನ್ನು ಹಿಡಿದಿಟ್ಟು, ಅವರು ಊರಿಗೆ ಹಿಂದಿರುಗುವ ಖರ್ಚಿಗಾಗಿ ನಿಧಿ ಮಾಡಬೇಕೆಂದು ಅದರಲ್ಲಿ ಹೇಳಿತ್ತು. ಇನ್ನು ಮೇಲೆ ಎಲ್ಲ ಸರಿಹೋಗುತ್ತದೆ, ಬೇಕಾದರೆ ನೀವೇ ಬಂದು ನೋಡಿ, ಎಂದರು ತೋಟದವರು. ಲಿಸ್ಬನ್ನಿನ ಬ್ರಿಟಿಷ್ ರಾಯಭಾರಿ ಸರ್ ಮಾರ್ಟಿನ್ ಗಾಸೆಲಿನ್, ಹೊಸ ಕಾಯಿದೆಗೆ ಸ್ವಲ್ಪ ಕಾಲಾವಕಾಶ ಕೊಡಿ ಎಂದ. ಕಾಯಿದೆ ಬಂದ ಮೇಲೆ ಅದರ ಫಲವನ್ನು ಕಾದು ನೋಡಬೇಡವೆ? ನ್ಯಾಯವಾದ ಮಾತೇ.

ಕಾದರು. ಆಮೇಲೆ, ನಂಬುವಂಥ ಒಬ್ಬನನ್ನು ಕಳಿಸಿ ಕಣ್ಣಾರೆ ನೋಡಿಸೋಣ ಎಂದಾಯಿತು. ಜೋಸೆಫ್ ಬರ್ಟ್ ಎಂಬವನನ್ನು ಆರಿಸಿದರು. ಫ್ರೈ, ರೌಂಟ್ರಿ, ಜರ್ಮನಿಯ ಸ್ಟಾಲ್‌ವರ್ಕ್ ಕಂಪನಿಗಳೂ ಜೊತೆಗೂಡಿದುವು. ಬರ್ಟ್‌ಗೆ ಪೋರ್ತುಗೀಸ್ ಬಾರದು. ಭಾಷೆ ಬಾರದವನು ಹೋಗಿ ಏನು ತಿಳಿದಾನು? ಅವನು ಮೊದಲು ಪೋರ್ತುಗಲ್ಲಿನಲ್ಲಿದ್ದು ಭಾಷೆ ಕಲಿತ. 1905ರಲ್ಲಿ ದ್ವೀಪಕ್ಕೆ ಹೋದ. ಅಲ್ಲಿಂದ ಅಂಗೋಲಕ್ಕೆ, ಅಲ್ಲಿಂದ ಮೊಜಾಂಬಿಕಿಗೆ. ಇಂಗ್ಲೆಂಡಿಗೆ ಹಿಂದಿರುಗಿದಾಗ 1907ರ ವಸಂತ ಬಂದಿತ್ತು.

ಇಷ್ಟರಲ್ಲಿ ಇನ್ನೊಬ್ಬ ಅದೇ ದಾರಿಯಲ್ಲಿ ಹೋಗಿ ಬಂದಿದ್ದ. ಅವನ ಹೆಸರು ಹೆನ್ರಿ ನೆವಿನ್‌ಸನ್, ವೃತ್ತಪತ್ರಿಕೆಯ ಬಾತ್ಮೀದಾರ. ಅವನು 1904ರ ಕೊನೆಯಲ್ಲಿ ಹೊರಟು, ಅಂಗೋಲದ ಒಳನಾಡಿನ ಕಾಲುದಾರಿಯಲ್ಲಿ ನಡೆದು, ಆ ದಾರಿಯುದ್ದಕ್ಕೂ ಬಿದ್ದಿದ್ದ ಮರದ ಕೋಳಗಳನ್ನು ಕಂಡ. ಗುಲಾಮರ ಕೈಕಾಲಿಗೆ ತೊಡಿಸಿ, ಅವರು ಸತ್ತ ಮೇಲೋ ಕರಾವಳಿ ಹತ್ತಿರವಾದ ಮೇಲೋ ಎಸೆದು ಹೋದ ಕೋಳಗಳು. ಸಾವೊ ತೋಮೆಯಲ್ಲಿ ಅವನಿಗೂ ಬರ್ಟ್‌ಗೂ ಭೇಟಿಯಾಯಿತು. ಊರಿಗೆ ಬಂದವನೇ ನೆವಿನ್‌ಸನ್ ಅಮೆರಿಕದ 'ಹಾರ್ಪರ್ಸ್' ಮಾಸಪತ್ರಿಕೆಯಲ್ಲಿ 1905ರಿಂದಲೇ ಬರೆಯತೊಡಗಿದ. 1906ರಲ್ಲಿ ಅದು ಪುಸ್ತಕವಾಯಿತು. ಅವನಿಗೆ ತಿಂಗಳುಗಳು ಸಾಕಾದುವು. ಅವನಿಗೆ ಕೋಕೋ ಬೇಕಾಗಿರಲಿಲ್ಲ ಎಂಬುದನ್ನೂ ಮರೆಯಬಾರದು.

ಬರ್ಟ್‌ನ ವರದಿ ನೆವಿನ್‌ಸನ್ ಹೇಳಿದುದನ್ನೇ ಮೆಲ್ಲನೆಯ ದನಿಯಲ್ಲಿ ಹೇಳಿತು. ಇದನ್ನು ಪ್ರಕಟಿಸುವ ಮುನ್ನ ಬ್ರಿಟಿಷ್ ವಿದೇಶಾಂಗ ಕಚೇರಿಯನ್ನು ಕೇಳಿದರು. ಅಲ್ಲಿ ಇನ್ನೊಂದು ತೊಡಕು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗೆ ಆಳುಗಳು ಬರುತ್ತಿದ್ದುದು ಪೋರ್ತುಗೀಸರ ಮೊಜಾಂಬಿಕಿನಿಂದ. ಪೋರ್ತುಗಲ್ಲಿನ ಮನಸ್ಸು ನೋಯಿಸಲು ಸರ್ಕಾರಕ್ಕೆ ಆತುರವಿರಲಿಲ್ಲ. ಕೆಲವು ಮಾತುಗಳನ್ನು ತಿದ್ದಿ ಎಂದರು. ಮೊದಲು ಪೋರ್ತುಗೀಸ್ ಸರ್ಕಾರಕ್ಕೆ ಗುಟ್ಟಾಗಿ ಕೊಡೋಣ ಎಂದರು. 1907 ಹೀಗೆ ಕಳೆಯಿತು. ಆ ವರ್ಷದ ನವೆಂಬರಿನಲ್ಲಿ ವಿಲಿಯಂ ಮತ್ತೆ ಲಿಸ್ಬನ್ನಿಗೆ ಹೋಗಿ ತೋಟದವರಿಂದ ಮತ್ತೆ ಭರವಸೆ ಪಡೆದು ಬಂದ. 1908ರ ಫೆಬ್ರವರಿ 1ರಂದು ಪೋರ್ತುಗಲ್ಲಿನ ದೊರೆ ಕಾರ್ಲೊಸ್ ರಾಜಧಾನಿಯ ಬೀದಿಯಲ್ಲಿಯೇ ಗುಂಡಿಗೆ ಬಲಿಯಾದ. ದೇಶ ಅಲ್ಲೋಲಕಲ್ಲೋಲವಾಗಿರುವಾಗ ಕೂಲಿಗಳ ವಿಷಯ ಎತ್ತುವುದು ಹೇಗೆ?

ಹೀಗೆ ನೋಡುತ್ತ ಹೋದರೆ ಪ್ರತಿಯೊಂದು ಸಲವೂ 'ಇನ್ನಾರು ತಿಂಗಳು' ಎಂಬುದು ಸರಿಯಾಗಿಯೇ ಕಾಣುತ್ತದೆ. ಎಲ್ಲವನ್ನೂ ಕೂಡಿಸಿದರೆ ಮಾತ್ರ ಎಂಟು ವರ್ಷ. ನೀವು ಒಂದು ಕಚೇರಿಯನ್ನೋ ಕಾರ್ಖಾನೆಯನ್ನೋ ನಡೆಸುವವರಾಗಿದ್ದರೆ, ಯಾವ ಕಡತದಲ್ಲಿ ಯಾವ ಯಾವ ಸಕಾರಣಗಳಿಂದ ಹೀಗೆ ಆರಾರು ತಿಂಗಳು ಸೇರುತ್ತವೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಖರೀದಿ ನಿಲ್ಲಿಸದಿರಲು ಕ್ಯಾಡ್ಬರಿಯವರು ಕೊಟ್ಟ ಕಾರಣವೊಂದಿತ್ತು. ಅದನ್ನು ನ್ಯಾಯವಾಗಿ ಮುಂದಿಡಬೇಕು. ನಾವು ಗಿರಾಕಿಗಳಾಗಿರುವ ತನಕ ತೋಟದವರು ನಮ್ಮ ಮಾತಿಗೆ ಬೆಲೆ ಕೊಡುತ್ತಾರೆ. ನಾವು ಬಿಟ್ಟರೆ ಬೇರೆಯವರು ಕೊಳ್ಳುತ್ತಾರೆ, ಕೂಲಿಗಳ ಸ್ಥಿತಿ ಹಾಗೆಯೇ ಉಳಿಯುತ್ತದೆ, ನಮ್ಮ ಕೈ ಮಾತ್ರ ಶುದ್ಧವಾಗುತ್ತದೆ ಎಂದರು. ಈ ವಾದ ಪೊಳ್ಳಲ್ಲ. ಆದರೆ ಗಿರಾಕಿಯ ಮಾತಿಗೆ ಬೆಲೆ ಬರುವುದು ಅವನು ಎದ್ದು ಹೋದಾನೆಂಬ ಭಯ ಅಂಗಡಿಯವನಿಗಿದ್ದಾಗ. ಇಂಥ ದಿನದೊಳಗೆ ಸರಿಮಾಡದಿದ್ದರೆ ನಿಲ್ಲಿಸುತ್ತೇವೆ ಎಂದು ಗಡುವು ಹಾಕದೆ ಕೊಳ್ಳುತ್ತ ಹೋದ ಗಿರಾಕಿಗೆ ತೋಟದವರು ಹೆದರುವುದೇಕೆ? ಅವರು ಹೆದರಲಿಲ್ಲ. ಇನ್ನೊಂದು ಮಾತೂ ಇದೆ. ಕಾಯುವುದರ ಖರ್ಚನ್ನು ಹೊತ್ತವರು ಯಾರು? ಬೋರ್ನ್‌ವಿಲ್ಲಿಗೆ ಕೋಕೋ ಬರುತ್ತಲೇ ಇತ್ತು. ವಿಚಾರಣೆ ಒಂದು ವರ್ಷ ಬೆಳೆದರೆ ಅಲ್ಲಿ ಯಾರಿಗೂ ಒಂದು ಪೆನ್ನಿ ನಷ್ಟವಿರಲಿಲ್ಲ. ಸಾವೊ ತೋಮೆಯಲ್ಲಿ ಹೊಸದಾಗಿ ಬಂದಿಳಿದವರು ಆ ವರ್ಷದಲ್ಲಿ ಬಹುಮಂದಿ ಸಾಯುತ್ತಿದ್ದರು.

ವಿಲಿಯಮನೇನು ಕಲ್ಲೆದೆಯವನಲ್ಲ. ಬೆಲ್ಜಿಯಮಿನ ದೊರೆ ಲಿಯೊಪೋಲ್ಡ್ ಕಾಂಗೋ ನಾಡಿನಲ್ಲಿ ನಡೆಸುತ್ತಿದ್ದ ಕ್ರೌರ್ಯವನ್ನು ಬಯಲಿಗೆಳೆದ ಮೊರೆಲನ ಚಳವಳಿಗೆ ಹಣ ಕೊಟ್ಟವರಲ್ಲಿ ಅವನು ಪ್ರಮುಖ. ಚಿಕ್ಕಪ್ಪ ಜಾರ್ಜ್ 1901ರಲ್ಲಿ 'ಡೈಲಿ ನ್ಯೂಸ್' ಪತ್ರಿಕೆಯನ್ನು ಕೊಂಡಿದ್ದ. ದಕ್ಷಿಣ ಆಫ್ರಿಕದ ಗಣಿಗಳಿಗೆ ಚೀಣೀ ಕೂಲಿಗಳನ್ನು ತರುವುದನ್ನು ಅದು ಗುಲಾಮಗಿರಿಯೆಂದೇ ಕರೆದು ಕನ್ಸರ್ವೇಟಿವ್ ಪಕ್ಷದವರನ್ನು ಝಾಡಿಸುತ್ತಿತ್ತು. 1906ರ ಚುನಾವಣೆಯಲ್ಲಿ ಆ ಪಕ್ಷ ಸೋತುಹೋಯಿತು. ಹಗೆ ಉಳಿಯಿತು.

1908ರ ಸೆಪ್ಟೆಂಬರ್ 26ರಂದು ಆ ಪಕ್ಷದ ಕಡೆಯ 'ಸ್ಟ್ಯಾಂಡರ್ಡ್' ಪತ್ರಿಕೆ ಒಂದು ಸಂಪಾದಕೀಯ ಬರೆಯಿತು. ಬೋರ್ನ್‌ವಿಲ್ಲಿನ ಶುಭ್ರವಾದ ಕೈಗಳನ್ನೂ, ಸಾವಿರಾರು ಮೈಲಿ ದೂರದಲ್ಲಿ ಕಾಣದಂತೆ ದುಡಿಯುವ ಕರಿಯ ಕೈಗಳನ್ನೂ ಅದು ಅಕ್ಕಪಕ್ಕದಲ್ಲಿಟ್ಟು ತೋರಿಸಿತು. ಚೀಣೀಯರ ವಿಷಯದಲ್ಲಿ ಕರಗುವ ಮನಸ್ಸು ತನ್ನ ಲಾಭದ ಮೂಲದಲ್ಲಿರುವವರ ವಿಷಯದಲ್ಲಿ ಇಷ್ಟು ಕಾಲ ನಿದ್ದೆಹೋದುದು ಹೇಗೆ ಎಂದು ಹಂಗಿಸಿತು. ಬರೆದವರ ಉದ್ದೇಶ ಗುಲಾಮರ ಉದ್ಧಾರವಲ್ಲ, ರಾಜಕೀಯ ಸೇಡು. ಸೇಡಿನಿಂದ ಕೇಳಿದ ಪ್ರಶ್ನೆಯೂ ಸರಿಯಾದ ಪ್ರಶ್ನೆಯಾಗಿರಬಹುದು, ಇದು ಲೋಕದಲ್ಲಿ ಅಪರೂಪವೇನಲ್ಲ.

ಕ್ಯಾಡ್ಬರಿಯವರು ಮಾನನಷ್ಟ ಮೊಕದ್ದಮೆ ಹೂಡಿದರು. ಅದೇ ಅಕ್ಟೋಬರಿನಲ್ಲಿ ವಿಲಿಯಂ ಬರ್ಟ್‌ನನ್ನು ಕರೆದುಕೊಂಡು ಸಾವೊ ತೋಮೆಗೂ ಅಂಗೋಲಕ್ಕೂ ತಾನೇ ಹೋದ. ಪಟ್ಟಿ ಕೈಗೆ ಬಂದ ಏಳು ವರ್ಷದ ಮೇಲೆ. ಭರವಸೆಗಳಲ್ಲಿ ಯಾವುದೂ ನಡೆದಿರಲಿಲ್ಲ. ಹಿಂದಿರುಗಿದೊಡನೆ, 1909ರ ಮಾರ್ಚಿನಲ್ಲಿ, ಕ್ಯಾಡ್ಬರಿ, ಫ್ರೈ, ರೌಂಟ್ರಿ ಮೂವರೂ ದ್ವೀಪದ ಕೋಕೋವನ್ನು ಇನ್ನು ಕೊಳ್ಳುವುದಿಲ್ಲವೆಂದು ಸಾರಿದರು.

ಮೊಕದ್ದಮೆ ಬರ್ಮಿಂಗ್‌ಹ್ಯಾಮಿನಲ್ಲಿ 1909ರ ನವೆಂಬರ್ 29ರಂದು ನ್ಯಾಯಮೂರ್ತಿ ಪಿಕ್‌ಫರ್ಡ್ ಅವರ ಮುಂದೆ ಬಂದಿತು. ಕ್ಯಾಡ್ಬರಿಯವರ ಪರವಾಗಿ ರೂಫಸ್ ಐಸಾಕ್ಸ್. ಮುಂದೆ ಲಾರ್ಡ್ ರೀಡಿಂಗ್ ಎಂಬ ಹೆಸರಿನಿಂದ 1921ರಲ್ಲಿ ನಮ್ಮ ದೇಶಕ್ಕೆ ವೈಸರಾಯಾಗಿ ಬಂದವನು ಇವನೇ. ಪತ್ರಿಕೆಯ ಪರವಾಗಿ ಎಡ್ವರ್ಡ್ ಕಾರ್ಸನ್; ಪಾಟೀಸವಾಲಿನಲ್ಲಿ ಆಸ್ಕರ್ ವೈಲ್ಡನನ್ನು ಮಣ್ಣುಮುಕ್ಕಿಸಿದ್ದ ಬ್ಯಾರಿಸ್ಟರ್. ಸಾವೊ ತೋಮೆಯಲ್ಲಿ ಗುಲಾಮಗಿರಿ ಇದೆಯೋ ಇಲ್ಲವೋ ಎಂಬ ವಾದವೇ ಅಲ್ಲಿರಲಿಲ್ಲ. ಇದೆಯೆಂದು ಎರಡು ಕಡೆಯವರೂ ಒಪ್ಪಿದ್ದರು. ಕ್ಯಾಡ್ಬರಿಯವರು ಪ್ರಾಮಾಣಿಕವಾಗಿ ನಡೆದುಕೊಂಡರೇ, ಅಥವಾ ಹೊರಗೆ ಒಂದು ಒಳಗೆ ಒಂದು ಎಂಬಂತೆ ಇದ್ದರೇ ಎಂಬುದಷ್ಟೆ ಪ್ರಶ್ನೆ.

ಕಾರ್ಸನ್ ವಿಲಿಯಮನನ್ನು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿ ಒಂದೊಂದೇ ವರ್ಷವನ್ನು ಹಿಡಿದು ಕೇಳುತ್ತ ಬಂದ. ಆ ವರ್ಷ ನಿಮಗೆ ಏನು ತಿಳಿದಿತ್ತು? ಆ ವರ್ಷ ಅಲ್ಲಿಯ ಕೋಕೋ ಕೊಂಡಿರೋ ಇಲ್ಲವೋ? ಕೊನೆಗೆ ಕೇಳಿದ ಪ್ರಶ್ನೆ ಇಂದಿಗೂ ಹೆಸರಾಗಿದೆ: ಈ ಎಂಟು ವರ್ಷಗಳಲ್ಲಿ ನಿಮ್ಮ ಕೋಕೋಗಾಗಿ ದುಡಿದು ಪ್ರಾಣ ಬಿಟ್ಟವರ ಸಂಖ್ಯೆ ಎಷ್ಟೆಂದು ಎಂದಾದರೂ ಅಂದಾಜು ಮಾಡಿದ್ದೀರಾ? ಇಲ್ಲ ಎಂದ ವಿಲಿಯಂ. ಕಾರ್ಸನ್ ಕುಳಿತುಕೊಂಡ.

ಡಿಸೆಂಬರ್ 6ರಂದು ಜೂರಿಯವರು ಒಂದು ಗಂಟೆಗಿಂತ ಕಡಿಮೆ ಹೊತ್ತು ಒಳಗೆ ಕುಳಿತು ಹೊರಗೆ ಬಂದರು. ಕ್ಯಾಡ್ಬರಿಯವರು ಗೆದ್ದರು. ಪತ್ರಿಕೆ ಅವರ ಮಾನಕ್ಕೆ ಕುಂದು ತಂದದ್ದು ನಿಜ. ಅದಕ್ಕೆ ಪರಿಹಾರ, ಒಂದು ಫಾರ್ದಿಂಗ್. ಪೆನ್ನಿಯ ನಾಲ್ಕನೆಯ ಒಂದು ಭಾಗ; ಅಂದಿನ ನಮ್ಮ ನಾಣ್ಯದಲ್ಲಿ ಕಾಲಾಣೆ. ಕೋರ್ಟು ಖರ್ಚನ್ನು ಪತ್ರಿಕೆ ಕೊಡಬೇಕಾಯಿತು. ಬರ್ಮಿಂಗ್‌ಹ್ಯಾಮಿನ ಹನ್ನೆರಡು ಮಂದಿ ಜೂರಿಗಳು ಕಾನೂನನ್ನೂ ಮೀರದೆ, ತಮಗೆ ಕಂಡುದನ್ನೂ ಬಿಡದೆ ತೂಗಿದರೆಂದು ನನಗನ್ನಿಸುತ್ತದೆ. ಅವರು ಮೋಸಗಾರರಲ್ಲ ಎಂಬುದು ತೀರ್ಪು; ಅವರ ನಡತೆಗೆ ಕೊಟ್ಟ ಬೆಲೆ ಕಾಲಾಣೆ.

ಖರೀದಿ ನಿಲ್ಲಿಸಿದುದರ ಫಲವೇನು? ಅಮೆರಿಕದ ತಯಾರಕರಲ್ಲಿ ಹೆಚ್ಚಿನವರು ಜೊತೆಗೆ ಬರಲಿಲ್ಲ. ದ್ವೀಪದ ಕೋಕೋ ಬೇರೆ ಗಿರಾಕಿಗಳಿಗೆ ಹೋಯಿತು. ಕ್ಯಾಡ್ಬರಿಯವರು ಹೇಳಿದ್ದ ಮಾತು ಅಷ್ಟರಮಟ್ಟಿಗೆ ನಿಜವಾಯಿತು. ಆದರೂ ಸುಮ್ಮನಿರುವುದು ಪೋರ್ತುಗಲ್ಲಿಗೆ ಇನ್ನು ಸಾಧ್ಯವಾಗಲಿಲ್ಲ. 1910ರಲ್ಲಿ ಅಲ್ಲಿ ದೊರೆತನ ಹೋಗಿ ಗಣರಾಜ್ಯ ಬಂದ ಮೇಲೆ ಕೂಲಿಗಳು ಅಂಗೋಲಕ್ಕೆ ಹಿಂದಿರುಗುವುದು ಮೊದಲಾಯಿತು. ಬಲವಂತದ ದುಡಿಮೆ ಮಾತ್ರ ಬೇರೆ ಬೇರೆ ಹೆಸರಿನಲ್ಲಿ ಬಹುಕಾಲ ಉಳಿಯಿತು.

ಕ್ಯಾಡ್ಬರಿಯವರು ಬ್ರಿಟಿಷರ ವಶದಲ್ಲಿದ್ದ ಗೋಲ್ಡ್ ಕೋಸ್ಟಿನ ಕಡೆ ತಿರುಗಿದರು. ಅದೇ ಇಂದಿನ ಘಾನಾ. ಅಲ್ಲಿ ದೊಡ್ಡ ಧಣಿಗಳ ತೋಟಗಳಿಲ್ಲ. ಆಫ್ರಿಕದ ರೈತರೇ ತಮ್ಮ ತಮ್ಮ ತುಂಡುನೆಲದಲ್ಲಿ ಕೋಕೋ ಬೆಳೆಯುತ್ತಿದ್ದರು. ಕೆಲವೇ ವರ್ಷದಲ್ಲಿ, 1911ರ ಹೊತ್ತಿಗೆ, ಆ ನಾಡು ಕೋಕೋ ರಫ್ತಿನಲ್ಲಿ ಜಗತ್ತಿನಲ್ಲೇ ಮೊದಲನೆಯದಾಯಿತು. ಕಾರ್ಸನ್ ಆ ದಿನ ಕೋರ್ಟಿನಲ್ಲಿ ಹಂಗಿಸಿದ್ದು ಇದನ್ನೇ: ಬೇರೆ ಕಡೆ ಸರಕು ಸಿಕ್ಕಿದ ಮೇಲೆ ನಿಮಗೆ ಧರ್ಮ ನೆನಪಾಯಿತೇ ಎಂದು. ಚರಿತ್ರಕಾರರು ಇದರ ಬಗ್ಗೆ ಇನ್ನೂ ವಾದಿಸುತ್ತಾರೆ. ಮನುಷ್ಯನ ಮನಸ್ಸಿನಲ್ಲಿ ಎರಡು ಕಾರಣಗಳು ಒಟ್ಟಿಗೇ ಇರಲು ಅಡ್ಡಿಯೇನು? ಅಲ್ಲಿಯೂ ಕಥೆ ಸುಖಾಂತವಾಗಲಿಲ್ಲ. 1937ರಲ್ಲಿ ಯೂರೋಪಿನ ಕಂಪನಿಗಳು ತಮ್ಮತಮ್ಮಲ್ಲಿ ಬೆಲೆಯ ಒಪ್ಪಂದ ಮಾಡಿಕೊಂಡುವು. ಕ್ಯಾಡ್ಬರಿಯೂ ಅದರಲ್ಲಿ ಸೇರಿತ್ತು. ರೈತರು ಒಗ್ಗಟ್ಟಾಗಿ ತಿಂಗಳುಗಟ್ಟಲೆ ಕೋಕೋ ಮಾರದೆ ಕುಳಿತರು. ವಿಚಾರಣಾ ಆಯೋಗ ಬರಬೇಕಾಯಿತು.

ಮಾಲಿನ ಮೂಲದಲ್ಲಿರುವ ಬೆಳೆಗಾರನ ಪಾಡು ನಮ್ಮವರಿಗೂ ತಿಳಿಯದುದಲ್ಲ. ದಕ್ಷಿಣ ಕನ್ನಡದ ಅಡಕೆ ತೋಟಗಳ ನೆರಳಿನಲ್ಲಿ ಕೋಕೋ ಬೇರೂರಿದ ಮೇಲೆ, 1980ರ ಸುಮಾರಿಗೆ ಬೆಲೆ ಬಿದ್ದು ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಿದ್ದರು. ಆಗ ಕೊಳ್ಳಲು ಮುಂದೆ ಬಂದುದು 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದ ಬೆಳೆಗಾರರದೇ ಸಹಕಾರ ಸಂಸ್ಥೆ ಕ್ಯಾಂಪ್ಕೊ. 1986ರಲ್ಲಿ ಅದು ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಬೆಳೆಯುವವನೂ ಕಾರ್ಖಾನೆಯ ಒಡೆಯನೂ ಒಬ್ಬನೇ ಆದಲ್ಲಿ, ಸರಕಿನ ಮೂಲ ನಮಗೆ ಗೊತ್ತಿರಲಿಲ್ಲ ಎಂದು ಹೇಳಲು ಯಾರೂ ಉಳಿಯುವುದಿಲ್ಲ.

ಆಫ್ರಿಕದಲ್ಲಿ ಕಾಗದಗಳು ಬರುತ್ತಲೇ ಇವೆ. 2001ರ ಸೆಪ್ಟೆಂಬರಿನಲ್ಲಿ, ಎಂದರೆ ವಿಲಿಯಮನ ಪಟ್ಟಿಗೆ ಸರಿಯಾಗಿ ನೂರು ವರ್ಷದ ಮೇಲೆ, ಚಾಕೊಲೇಟು ಉದ್ಯಮದವರು ಪಶ್ಚಿಮ ಆಫ್ರಿಕದ ಕೋಕೋ ತೋಟಗಳಲ್ಲಿ ಮಕ್ಕಳ ಘೋರ ದುಡಿಮೆಯನ್ನು ತೊಡೆಯುತ್ತೇವೆಂದು ಅಮೆರಿಕದಲ್ಲಿ ಒಂದು ಒಡಂಬಡಿಕೆಗೆ ಸಹಿ ಹಾಕಿದರು. ಅದರಂತೆ 2005ಕ್ಕೆ ಗಡುವು. ಅದು 2008ಕ್ಕೆ ಹೋಯಿತು. ಆಮೇಲೆ 2020ರೊಳಗೆ ನೂರಕ್ಕೆ 70ರಷ್ಟು ಕಡಿಮೆ ಮಾಡುತ್ತೇವೆ ಎಂದಾಯಿತು. 2020ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರದ ಪರವಾಗಿ ನಡೆದ ಸಮೀಕ್ಷೆ ಹೊರಬಂದಾಗ, ಘಾನಾ ಮತ್ತು ಐವರಿ ಕೋಸ್ಟಿನ ಕೋಕೋ ಕೆಲಸದಲ್ಲಿ ಸುಮಾರು 15 ಲಕ್ಷ 60 ಸಾವಿರ ಮಕ್ಕಳಿದ್ದರು.

ನಮ್ಮಲ್ಲಿ 2013ರ ಕಂಪನಿ ಕಾಯಿದೆಯ 135ನೆಯ ಕಲಮು ಬಂದ ಮೇಲೆ ಸಾಮಾಜಿಕ ಹೊಣೆ ಎಂಬುದು ಪ್ರತಿಯೊಬ್ಬ ಮ್ಯಾನೇಜರನಿಗೂ ಪರಿಚಿತ ಶಬ್ದವಾಗಿದೆ. 2014ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಕಲಮಿನಂತೆ, ಗೊತ್ತಾದ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಲೋಕಹಿತದ ಕೆಲಸಗಳಿಗೆ ಖರ್ಚು ಮಾಡಬೇಕು. ಇದರಿಂದ ಶಾಲೆಗಳೂ ಆಸ್ಪತ್ರೆಗಳೂ ಆಗಿವೆ; ಒಳ್ಳೆಯದೇ. ಆದರೆ ಈ ಕಾಯಿದೆಯ ನಿಯಮಗಳ ದೃಷ್ಟಿಯಿಂದ ಬೋರ್ನ್‌ವಿಲ್ಲನ್ನು ಒಮ್ಮೆ ನೋಡಿರಿ. ಕಂಪನಿಯ ಮಾಮೂಲು ವ್ಯವಹಾರದ ಕೆಲಸ ಈ ಲೆಕ್ಕಕ್ಕೆ ಸೇರದು. ಸ್ವಂತ ನೌಕರರಿಗೆ ಅನುಕೂಲವಾಗುವ ಕೆಲಸವೂ ಸೇರದು. ಸಾಮಾನ್ಯವಾಗಿ ದೇಶದ ಹೊರಗೆ ಮಾಡಿದ ಖರ್ಚೂ ಸೇರದು. ಕೈತೋಟದ ಆ ಊರು ಹೊರಗಿನವರಿಗೂ ತೆರೆದಿದ್ದರಿಂದ ಜಮಾಖರ್ಚಿನಲ್ಲಿ ಜಾಗ ಪಡೆದೀತು. ನೌಕರರ ಪಿಂಚಣಿ ನಿಧಿಯಾಗಲಿ ಆಟದ ಬಯಲಾಗಲಿ ಪಡೆಯದು. ಕೊಳ್ಳುವ ಕೋಕೋ ಎಲ್ಲಿಂದ ಬರುತ್ತದೆಯೆಂದು ತಿಳಿಯಲು ಜೋಸೆಫ್ ಬರ್ಟ್ ಎರಡು ವರ್ಷ ಆಫ್ರಿಕದಲ್ಲಿ ಅಲೆದ ಖರ್ಚೂ ಪಡೆಯದು. ಅದನ್ನು ಕಂಪನಿ ಖರೀದಿ ಖಾತೆಗೇ ಬರೆದುಕೊಳ್ಳಬೇಕಾಗುತ್ತಿತ್ತು.